ನಳದ ಮುಖ ಯಾರ ಕಡೆಗೆ

ನನ್ನ ನೀಲವೈನಿಗೆ,

ಅಣ್ಣನ ಹೆಂಡತಿಯನ್ನು ‘ನೀವು’ ಎಂದು ಕರೆಯಬೇಕು ಅಂತ ಅವ್ವ ಹೇಳಿಕೊಟ್ಟಿದ್ದಳು. ಹಳಿಯಾಳದ ಬಸ್ಸಿನಿಂದ ಟ್ರಂಕು ಇಳಿಸಿಕೊಂಡು ದಾಂಡೇಲಿಯ ನಿಮ್ಮ ಚಾಳಿಗೆ ಬಂದ ದಿನ ನಾನು ಹಾಗೇ ಕರೆದೆ. ನೀನು ಸೊಂಟದ ಮೇಲೆ ಕೈಯಿಟ್ಟು, “ಗಂಗೂ, ನೀವು ಗೀವು ಅಂದ್ರ ನಿನಗ ರೊಟ್ಟಿ ಇಲ್ಲ ನೋಡು” ಅಂದೆ. ಅಂದಿನಿಂದ ನನಗೆ ನೀನು ನೀನೇ. ಈಗ ನೀನಿಲ್ಲ, ಬೈಯಬೇಕಾದ ಮಾತು ಮಾತ್ರ ಬಹಳ ಉಳಿದಿದೆ. ಎದುರಿಗೆ ಬೈಯೋಣವೆಂದರೆ ಸಿಗುವುದಿಲ್ಲ, ಅದಕ್ಕೇ ಕಾಗದ ಹಿಡಿದು ಕುಳಿತೆ. ಮಳೆಗಾಲದ ಒಂದು ಜ್ವರಕ್ಕೆ ಹೀಗೆ ಎದ್ದು ಹೋಗುವವರು ಯಾರಾದರೂ ಇದ್ದಾರೆಯೇ ವೈನಿ? ಹೋಗುವವಳು ಹೋದೆ, ಆ ನಳದ ಉಸಾಬರಿಯನ್ನೆಲ್ಲ ನನ್ನ ಕೊರಳಿಗೆ ಕಟ್ಟಿ ಹೋದೆಯಲ್ಲ!

ನೀನು ನನ್ನನ್ನು ಮೊದಲ ಸಲ ನಳಕ್ಕೆ ಎಳೆದುಕೊಂಡು ಹೋದ ಮಧ್ಯಾಹ್ನ ನೆನಪಾಗುತ್ತದೆ. ಗಂಡ ಇನ್ನೊಬ್ಬಳನ್ನು ಮನೆಗೆ ತಂದನೆಂದು ಅಣ್ಣನ ಮನೆಗೆ ಬಂದವಳು ನಾನು. ಒಳಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಬಂದರೆ ಸಾಕು, ಗಂಡ ಯಾವಾಗ ಕರೆಯಲು ಬರುತ್ತಾನೆ ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. ನೀನು ಒಂದು ಕೊಡವನ್ನು ನನ್ನ ಸೊಂಟಕ್ಕೆ ಒತ್ತಿ, “ಒಳಗ ಕುಂತ್ರ ಕೇಳೂದು ಬಿಡ್ತಾರೇನು? ಹೊರಗ ಬಾ, ತಿರುಗಿ ಹೆಂಗ ಮಾತಾಡೂದು ತೋರಸ್ತೇನಿ” ಅಂದೆ. ಆಗ ಕಾಗದದ ಮಿಲ್ಲು ಶುರುವಾಗಿ ಬಹಳ ವರ್ಷವಾಗಿರಲಿಲ್ಲ. ಚಾಳುಗಳ ನಡುವಿನ ಬಯಲಿನಲ್ಲಿ ಒಂದು ಸಿಮೆಂಟಿನ ಕಂಬ, ಕಂಬಕ್ಕೊಂದು ನಳ, ಆ ನಳಕ್ಕೆ ಒಂದೇ ಬಾಯಿ. ಕಾಳಿ ಹೊಳೆಗೆ ಇಳಿಯೋಣವೆಂದರೆ ಮೊಸಳೆಯ ಭಯ. ಮಿಲ್ಲಿನ ಮಧ್ಯಾಹ್ನದ ಭೋಂಗಾ ಕೂಗಿ, ಒಂದು ಪಾಳಿಯ ಗಂಡಸರು ಒಳಗೆ ಹೋಗಿ ಇನ್ನೊಂದು ಪಾಳಿಯವರು ಹೊರಗೆ ಬಂದ ಮೇಲೆ ಯಾವಾಗಲೋ ನೀರು ಬರುತ್ತಿತ್ತು. ಹೆಂಗಸರು ಬೆಳಗಿನಿಂದಲೇ ತಮ್ಮ ಸರದಿಗೆ ಕಲ್ಲು ಇಟ್ಟು ಹೋಗುತ್ತಿದ್ದರು. ಕಲ್ಲು, ಒಡಕು ಡಬ್ಬಿ, ಹರಿದ ಬುಟ್ಟಿ, ಹೀಗೆ ನಳದಿಂದ ರಸ್ತೆಯವರೆಗೆ ಒಂದು ಸಾಲು.

ಆ ಸಾಲಿನಲ್ಲಿ ನಿತ್ಯ ಜಗಳ. ಲಾರಿ ಮೇಸ್ತ್ರಿಯ ಹೆಂಡತಿ ಫಾತಿಮಾಬಿಯ ಕಲ್ಲನ್ನು ಯಾರೋ ಹಿಂದೆ ಸರಿಸಿದರೆಂದು ಅವಳು ಜೋಯಿಡಾ ಕಡೆಯ ಸಾವಿತ್ರಿಬಾಯಿಯ ಡಬ್ಬಿಯನ್ನು ಒದ್ದಿದ್ದಳು. ಸಾವಿತ್ರಿಬಾಯಿ ಕೊಂಕಣಿಯಲ್ಲಿ, ಇವಳು ಉರ್ದುವಿನಲ್ಲಿ. ಆಚೆ ಚಾಳಿನ ಮಲಯಾಳಿ ಹೆಂಗಸರು ಅವರ ಭಾಷೆಯಲ್ಲಿ. ನಮ್ಮವರೇನು ಕಡಿಮೆಯೇ? ದೇಶದ ನಾನಾ ಕಡೆಯಿಂದ ಮಿಲ್ಲಿನ ಕೆಲಸಕ್ಕೆ ಬಂದವರ ಮನೆಯವರೆಲ್ಲ ಅಲ್ಲಿ ಸೇರುತ್ತಿದ್ದರು, ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ, ಬೈಗುಳ ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು. ನಾನು ಹೆದರಿ ನಿನ್ನ ಸೆರಗು ಹಿಡಿದೆ. ನೀನು ಸೆರಗು ಬಿಡಿಸಿಕೊಂಡು ಸಾಲಿನ ನಡುವೆ ಹೋಗಿ ನಿಂತೆ.

“ಕಲ್ಲು ನೀರು ಕುಡಿತಾವೇನಬೇ?” ಎಂದು ನೀನು ಕೇಳಿದ್ದು ಈಗಲೂ ಕಿವಿಯಲ್ಲಿದೆ. ಕೇಳಿದವಳೇ ನಮ್ಮ ಕಲ್ಲನ್ನೇ ಮೊದಲು ಎತ್ತಿ ಗಟಾರದ ಕಡೆ ಎಸೆದೆ. “ಕೊಡ ಎಲ್ಲಾ ಆಚಿ ಕಡೆ ರಾಶಿ ಹಾಕ್ರಿ. ನಳದ ಸುತ್ತ ನಿಂದರ್ರಿ. ಹೆಂಗೂ ನೀರು ಬರೂತನಾ ನಿಂದ್ರೂದ ಐತಿ, ಸುಮ್ನ ಯಾಕ ನಿಂದ್ರಬೇಕು?” ಎಂದು ಬಲಗೈಯನ್ನು ಫಾತಿಮಾಬಿಯ ಕಡೆಗೂ ಎಡಗೈಯನ್ನು ನನ್ನ ಕಡೆಗೂ ಚಾಚಿದೆ. ಮುಂಡಗೋಡದ ಹತ್ತಿರದ ನಿನ್ನ ತವರಿನಲ್ಲಿ ಪಂಚಮಿಗೆ ಹುಡುಗಿಯರು ಆಡುತ್ತಿದ್ದ ಆಟವಂತೆ. ಸುತ್ತು ನಡೆಯುತ್ತ, ಆಚೆಯವಳ ಅಂಗೈಗೆ ಒಮ್ಮೆ, ಈಚೆಯವಳ ಅಂಗೈಗೆ ಒಮ್ಮೆ ತಟ್ಟುವುದು, ಬಾಗಿ ಏಳುವುದು, ಮತ್ತೆ ಮುಂದೆ ಸರಿಯುವುದು. ನಿಯಮ ಮಾತ್ರ ನಿನ್ನದೇ. ನೀರು ಬರುವ ಮೊದಲು ನಳ ಬುಸ್ಸೆಂದು ಗಾಳಿ ಬಿಡುತ್ತದಲ್ಲ, ಆಗ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ನಳದ ಮುಖ ಯಾರ ಕಡೆಗೋ ಅವರದು ಮೊದಲ ಕೊಡ, ಆಮೇಲೆ ಸುತ್ತಿನ ಪ್ರಕಾರ. ಬೆಳಗಿನಿಂದ ಕಾದವಳೂ ಈಗಷ್ಟೇ ಓಡಿ ಬಂದವಳೂ ಒಂದೇ.

ಆ ಆಟ ಬೆಳೆದ ರೀತಿ ನೆನೆದರೆ ಈಗಲೂ ನಗು ಬರುತ್ತದೆ. ಸಾವಿತ್ರಿಬಾಯಿ ತಮ್ಮ ಕಡೆಯ ಫುಗಡಿ ಸೇರಿಸಿದಳು. ನಡುವೆ ಇಬ್ಬಿಬ್ಬರು ಕೈ ಹಿಡಿದು ಗಿರಗಿರ ತಿರುಗಬೇಕು. ಫಾತಿಮಾಬಿ ಮದುವೆ ಮನೆಯ ಹಾಡು ತಂದಳು. ಸಂತೆಯ ದಿನ ಮೊಸರು ಮಾರಲು ಬಂದ ಗೌಳಿ ಹೆಂಗಸರು ಗಡಿಗೆ ಇಳಿಸಿ ಒಂದು ಸುತ್ತು ಬಂದು ಹೋಗುತ್ತಿದ್ದರು, ಅವರಿಗೆ ನೀರೇ ಬೇಕಿರಲಿಲ್ಲ! ಸುತ್ತಿನಲ್ಲಿ ಯಾರೂ ನನ್ನ ಗಂಡನ ಸುದ್ದಿ ಕೇಳಲಿಲ್ಲ ವೈನಿ. ಅಂಗೈ ಸರಿಯಾಗಿ ಚಾಚು ಎಂದು ಬೈದರು, ಅಷ್ಟೇ. ಆ ಬೈಗುಳಕ್ಕಾಗಿಯೇ ನಾನು ದಿನಾ ಭೋಂಗಾ ಕಾಯುತ್ತಿದ್ದೆ. ತಮಾಷೆ ಎಂದರೆ, ಆಟ ಕಟ್ಟಿದ ನಿನ್ನ ಕಡೆಗೆ ನಳದ ಮುಖ ಒಂದು ದಿನವೂ ಬರಲಿಲ್ಲ. “ನೀಲವ್ವನ ನಸೀಬದಾಗ ನೀರಿಲ್ಲ” ಎಂದು ಫಾತಿಮಾಬಿ ಕಾಡುತ್ತಿದ್ದಳು. ನೀನು, “ತಡೀರಿ, ನಂದೂ ಒಂದು ದಿನ ಬರತೈತಿ” ಅನ್ನುತ್ತಿದ್ದೆ.

ಅಣ್ಣ ಪಾಳಿ ಮುಗಿಸಿ ಬರುವ ಹೊತ್ತಿಗೆ ಸುತ್ತು ಜೋರಾಗಿರುತ್ತಿತ್ತು. ಅವನು ಬಯಲು ದಾಟುತ್ತಿರಲಿಲ್ಲ, ಚಾಳಿನ ಹಿಂದಿನ ಸಂದಿಯಿಂದ ನುಸುಳಿ ಮನೆಗೆ ಬರುತ್ತಿದ್ದ. ಮಿಲ್ಲಿನಲ್ಲಿ ಬೆಳಗಿನಿಂದ ಬಿದಿರು ಇಳಿಸಿದ ಮೈಯಲ್ಲಿ ಅಷ್ಟು ಸುತ್ತು ಬಳಸುವುದು ಅವನಿಗೆ ಹಗುರವೇ? ಆದರೂ ಬಳಸಿದ. ಒಂದು ಸಂಜೆ ತಡೆಯಲಾರದೆ, “ಮನಿ ಹೆಂಗಸು ಬಯಲಾಗ ಕುಣಿಯೂದು ಯಾರ ರೂಢಿ?” ಎಂದು ಕೇಳಿಯೇಬಿಟ್ಟ. ನೀನು ಒಲೆಯ ಮುಂದಿನಿಂದ ಏಳದೆ, “ನೀರ ತರೂದು ಯಾರ ರೂಢಿರೀ? ನೀವ ತರ್ರಿ, ನಾ ಮನ್ಯಾಗ ಕುಂದರತೇನಿ” ಅಂದೆ. ಅವನು ಟಾವೆಲ್ಲು ಕೊಡವಿ ಹೊರಗೆ ಹೋದ. ಆಮೇಲೆಯೂ ನೀನು ಎಷ್ಟು ಸಲ ಕರೆದೆ! “ಒಮ್ಮೆ ಬಂದು ದೂರ ನಿಂತಾದ್ರೂ ನೋಡ್ರಿ” ಎಂದು ಅವನ ಬುತ್ತಿ ಕಟ್ಟುತ್ತ ಹೇಳುತ್ತಿದ್ದೆ. ಅವನು ಬರಲಿಲ್ಲ. ನೀನು ಜ್ವರದಲ್ಲಿ ಮಲಗಿದಾಗ ನಳದ ಕಡೆಯಿಂದ ಚಪ್ಪಾಳೆ ಕೇಳಿಸುತ್ತಿತ್ತು, ಅವನು ಹೋಗಿ ಕಿಟಕಿ ಮುಚ್ಚಿದ. ನೀನು ತೆಗೆಯಲು ಹೇಳಿದೆ. ಆ ಕಿಟಕಿಯ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಮಳೆ ನಿಂತು ಬಿಸಿಲು ಬಿದ್ದ ಮೇಲೆ ಒಂದು ದಿನ ಕಮಿಟಿಯ ಸೆಕ್ರೆಟರಿ ನಮ್ಮ ಮನೆಗೆ ಬಂದರು. ಚಾಳಿನವರೆಲ್ಲ ಸೇರಿ ವರ್ಷಕ್ಕೊಮ್ಮೆ ಸಂತೆ ಬಯಲಿನಲ್ಲಿ ಗ್ಯಾದರಿಂಗು ಮಾಡುತ್ತಾರಲ್ಲ, ಅದರ ಕಮಿಟಿ. ಈ ಸಲ ಹುಬ್ಬಳ್ಳಿಯಿಂದ ದೊಡ್ಡ ಅತಿಥಿ ಬರುತ್ತಾರೆ, ಅವರ ಮುಂದೆ ನಳದ ಕುಣಿತ ಇಡಬೇಕು ಅಂದರು. “ತೀರಿಕೊಂಡ ನಿಮ್ಮ ಮನಿಯವರ ನೆನಪಿಗೆ, ಅವರ ಹೆಸರಿಲೇ ಮಾಡೂಣು” ಅಂದರು. ಅಣ್ಣನ ಕಣ್ಣು ತುಂಬಿತು. ನನ್ನನ್ನೂ ಕೇಳಲಿಲ್ಲ, ನಳದ ಹೆಂಗಸರನ್ನೂ ಕೇಳಲಿಲ್ಲ, “ಆಗಲ್ರಿ, ಆಕಿ ಹೆಸರ ಉಳದ್ರ ಸಾಕು” ಎಂದು ಒಪ್ಪಿಬಿಟ್ಟ. ಇದ್ದಾಗ ಸಂದಿಯಿಂದ ನುಸುಳಿದವನಿಗೆ ಸತ್ತ ಮೇಲೆ ನಿನ್ನ ಹೆಸರು ಬೇಕಾಯಿತು. ಇದು ಯಾವ ನ್ಯಾಯ, ನೀನೇ ಹೇಳು.

ತಾಲೀಮು ಶುರುವಾದ ದಿನ ಸೆಕ್ರೆಟರಿ ಬಯಲಿಗೆ ಬಂದು ಎಲ್ಲರನ್ನೂ ನಿಲ್ಲಿಸಿ ನೋಡಿದರು. ಎಂಟು ಜನ ಸಾಕು, ವಯಸ್ಸಾದವರು ಬೇಡ, ಸೀರೆ ಒಂದೇ ಬಣ್ಣದ್ದಿರಬೇಕು ಅಂದರು. ಸಾವಿತ್ರಿಬಾಯಿಗೆ ಬೆನ್ನು ಬಾಗಿದೆ, ಬೇಡ. ಫಾತಿಮಾಬಿ ದಪ್ಪ, ಬೇಡ. ಇದು ಎಲ್ಲರೂ ಸೇರುವ ಆಟ ಎಂದು ನಾನು ಹೇಳಿದರೆ, “ಅದು ಇಲ್ಲೆ ಖರೆ ತಂಗೀ, ಸ್ಟೇಜಿನ ಮ್ಯಾಲ ಹಿಡಿಸಬೇಕಲ್ಲ?” ಅಂದರು. ಹಾಡು ಗೊತ್ತಿರುವವಳು ಒಬ್ಬಳಾದರೂ ಬೇಕೆಂದು ನನ್ನನ್ನು ಉಳಿಸಿಕೊಂಡರು. ನಾನು ಬಿಟ್ಟು ಬರಬೇಕಿತ್ತು. ಆದರೆ ನಿನ್ನ ಆಟವನ್ನು ಗೊತ್ತಿಲ್ಲದವರ ಕೈಗೆ ಪೂರ್ತಿ ಬಿಟ್ಟರೆ ಇನ್ನೇನು ಮಾಡಿಯಾರೋ ಎಂದು… ಆಮೇಲೆ ನೋಡಿದರೆ ನಾನಿದ್ದೂ ಏನೂ ಉಳಿಯಲಿಲ್ಲ. ಸುತ್ತು ನಿಂತರೆ ಅರ್ಧ ಜನರ ಬೆನ್ನು ಅತಿಥಿಗಳ ಕಡೆ ಆಗುತ್ತದೆ, ದೊಡ್ಡವರಿಗೆ ಬೆನ್ನು ತೋರಿಸುವುದು ಚೆಂದವಲ್ಲ, ಅದಕ್ಕೆ ಅರ್ಧ ಸುತ್ತು ನಿಲ್ಲಿ ಎಂದು ಸೆಕ್ರೆಟರಿ ಅಪ್ಪಣೆ ಮಾಡಿದರು. ಅರ್ಧ ಸುತ್ತು! ಇಂಥದ್ದನ್ನು ನೀನು ಎಲ್ಲಾದರೂ ಕೇಳಿದ್ದೀಯಾ?

ಗ್ಯಾದರಿಂಗಿನ ಸಂಜೆ ಸ್ಟೇಜಿನ ನಡುವೆ ರಟ್ಟಿನ ನಳ ನಿಲ್ಲಿಸಿದ್ದರು, ಬೆಳ್ಳಿಬಣ್ಣ ಬಳಿದು. ಒಂದು ದಿನವೂ ನೀರು ಕಾಣದ ಹೊಸ ಹಿತ್ತಾಳೆ ಕೊಡಗಳನ್ನು ಅಂಗಡಿಯಿಂದ ಕೇಳಿ ತಂದು ಜೋಡಿಸಿದ್ದರು. ನನ್ನನ್ನು ತುದಿಗೆ ನಿಲ್ಲಿಸಿದರು. ಹಾಡು ಎತ್ತಿದೆ, ಈಚೆಯವಳ ಅಂಗೈಗೆ ತಟ್ಟಿದೆ, ಆಚೆಗೆ ತಿರುಗಿ ಕೈ ಚಾಚಿದೆ. ಅಲ್ಲಿ ಯಾರೂ ಇಲ್ಲ. ಆ ತುದಿಯವಳಿಗೂ ಹಾಗೇ. ಅಲ್ಲೊಬ್ಬಳು ಇಲ್ಲೊಬ್ಬಳು ಗಾಳಿಗೆ ತಟ್ಟುತ್ತಿದ್ದೆವು, ಮತ್ತೆ ಮತ್ತೆ. ಮುಂದೆ ಸರಿಯುವಂತೆಯೂ ಇಲ್ಲ, ಸರಿದರೆ ಸ್ಟೇಜಿನಿಂದ ಬೀಳುತ್ತಿದ್ದೆವು. ಕೆಳಗೆ ಜನದ ನಡುವೆ ಫಾತಿಮಾಬಿ ಕೈ ಕಟ್ಟಿಕೊಂಡು ನಿಂತು ನನ್ನ ಖಾಲಿ ಕೈಯನ್ನೇ ನೋಡುತ್ತಿದ್ದಳು. ಮುಂದಿನ ಸಾಲಿನ ಕುರ್ಚಿಯಲ್ಲಿ ಅಣ್ಣ ಕುಳಿತಿದ್ದ, ತೊಳೆದ ಧೋತರ ಉಟ್ಟು. ಮೊದಲ ಸಲ ನೋಡುತ್ತಿದ್ದಾನೆ, ನೋಡುತ್ತಿರುವುದು ಇದನ್ನು! ಇದಲ್ಲ ಅಣ್ಣ, ಇದಲ್ಲ ಎಂದು ಕೂಗಬೇಕೆನಿಸಿತು.

ಅತಿಥಿಗಳು ಭಾಷಣಕ್ಕೆ ಎದ್ದು, ಸೆಕ್ರೆಟರಿ ನನ್ನಿಂದ ಕೇಳಿ ತಮಗೆ ಹೇಳಿಕೊಟ್ಟದ್ದನ್ನೆಲ್ಲ ಹೇಳಿದರು. “ಈ ಊರಿನ ಹೆಣ್ಣುಮಕ್ಕಳು ಸರದಿಗೆ ಕಲ್ಲು ಇಡುವುದಿಲ್ಲ. ಸುತ್ತು ನಿಂತಾಗ ನಳದ ಮುಖ ಯಾರ ಕಡೆಗಿದೆಯೋ ಅವರಿಗೇ ಮೊದಲ ಕೊಡ. ಜಗಳವೆಂಬುದೇ ಇಲ್ಲ” ಎಂದರು. ಅಣ್ಣ ಬಾಯಿ ತೆರೆದು ಕೇಳುತ್ತಿದ್ದ. ನಿನ್ನ ಜೊತೆ ಒಂದೇ ಸೂರಿನ ಕೆಳಗೆ ಬಾಳಿದವನು ನಿನ್ನ ಆಟದ ನಿಯಮವನ್ನು ಹುಬ್ಬಳ್ಳಿಯವರ ಬಾಯಿಂದ, ಮೈಕಿನಲ್ಲಿ ಕೇಳಿ ತಿಳಿದುಕೊಂಡ. ಆಮೇಲೆ ಅವನನ್ನು ಮೇಲೆ ಕರೆದು ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ಶಾಲು ಅವನಿಗೆ ಯಾಕೆ? ಕಿಟಕಿ ಮುಚ್ಚಿದ್ದಕ್ಕೇ?

ಮರುದಿನ ಭೋಂಗಾ ಕೂಗಿದಾಗ ನಾನು ಕೊಡ ಹಿಡಿದು ನಳಕ್ಕೆ ಹೋದೆ. ಸಾಲಿನಲ್ಲಿ ಕಲ್ಲುಗಳಿದ್ದವು. ಮೊದಲ ಕಲ್ಲು ಫಾತಿಮಾಬಿಯದೇ. ಸುತ್ತು ಕಟ್ಟೋಣ ಬನ್ನಿ ಎಂದು ಕೈ ಚಾಚಿದೆ. “ಕುಣಿಯವ್ರು ಎಂಟು ಮಂದಿ ಅದಾರಲ್ಲವಾ, ಅವರ್ನ ಕರಿ. ನಾವು ದಪ್ಪ ಇದ್ದೇವಿ, ನೀರ ತುಂಬವ್ರು” ಅಂದಳು. ಸಾವಿತ್ರಿಬಾಯಿ ತನ್ನ ಡಬ್ಬಿಯನ್ನು ಕಾಲಿನಿಂದ ಸ್ವಲ್ಪ ಮುಂದೆ ತಳ್ಳಿದಳು. ಸ್ಟೇಜು ಹತ್ತಿದ ಹುಡುಗಿಯರಿಗೆ ಈ ಮುದುಕಿಯರ ಜೊತೆ ಕುಣಿಯಲು ಈಗ ನಾಚಿಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಾನು ಎಷ್ಟೊಂದು ಬೇಡಿಕೊಂಡೆ ವೈನಿ, ಬೈದೆ, ಅತ್ತೆ. ನಿನಗಾದರೆ ಒಂದು ಮಾತು ಸಾಕಾಗುತ್ತಿತ್ತು. ಆ ಮಾತು ಯಾವುದೆಂದು ಹೇಳಿ ಹೋಗಬಾರದಿತ್ತೇ? ಸಾಲಿನ ಕೊನೆಗೆ ನಮ್ಮದೂ ಒಂದು ಕಲ್ಲಿಟ್ಟು ನಿಂತಾಗ ಪಕ್ಕದವಳು ಕೇಳಿದಳು, ಗಂಡ ಕರೆಯಲು ಬಂದನೇನು ಎಂದು.

ಆ ಸಂಜೆ ಅಣ್ಣ ಶಾಲನ್ನು ನೀಟಾಗಿ ಮಡಚಿ ಟ್ರಂಕಿನಲ್ಲಿಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. “ವೈನಿ ಎಷ್ಟು ಸಲ ಕರದ್ಲು, ಒಮ್ಮೆ ಬಂದಿ ಏನು? ಈಗ ಶಾಲು ಹೊದ್ಕೊಂಡು ಕುಂತಿ. ನಾಳಿಂದ ನೀರ ನೀನ ತಾ, ನಾ ತರೂದಿಲ್ಲ” ಅಂದೆ. ಕೆಟ್ಟು ಬಂದ ತಂಗಿ ಅಣ್ಣನಿಗೆ ಹೀಗೆ ಅನ್ನಬಹುದೇ? ಅಂದೆ. ಎದ್ದು ಹೋಗು ಎಂದರೆ ಹೋಗಲು ನನಗೆ ಇನ್ನೊಂದು ಮನೆಯಿಲ್ಲ ಎಂಬುದೂ ಗೊತ್ತಿತ್ತು. ಅವನು ಟ್ರಂಕಿನ ಮುಚ್ಚಳ ಹಾಕಿ ಎದ್ದ. ಬೈಯಲಿಲ್ಲ. “ಕೊಡ ಎಲ್ಲೈತಿ?” ಎಂದು ಕೇಳಿದ, ಅಷ್ಟೇ.

ಮಾರನೆಯ ಮಧ್ಯಾಹ್ನ ಪಾಳಿ ಮುಗಿಸಿ ಬಂದವನೇ ಕೊಡ ಎತ್ತಿಕೊಂಡು ಹೊರಟ. ನಾನು ತಡೆಯದೆ ಹಿಂದೆ ಹೋಗಿ ಚಾಳಿನ ಮೂಲೆಯಲ್ಲಿ ನಿಂತೆ. ಕಲ್ಲುಗಳ ಸಾಲು ಇತ್ತು, ಹೆಂಗಸರು ಒಬ್ಬೊಬ್ಬರೇ ತಮ್ಮ ಕಲ್ಲಿನ ಹತ್ತಿರ ಕುಳಿತಿದ್ದರು. ಅಣ್ಣ ಆ ಕಲ್ಲುಗಳ ಕಡೆ ನೋಡದೆಯೇ ದಾಟಿ ಹೋದ. ಅವನಿಗೆ ಗೊತ್ತಿದ್ದುದು ಭಾಷಣದಲ್ಲಿ ಕೇಳಿದ್ದಷ್ಟೇ ನೋಡು. ಕೊಡವನ್ನು ಆಚೆ ಕಡೆ ಒಂಟಿಯಾಗಿ ಇಟ್ಟ. ನಳದ ಪಕ್ಕ ಬಂದು, ಎರಡೂ ಕೈ ಸ್ವಲ್ಪ ಎತ್ತಿ ನಿಂತ. ಯಾರೂ ಏಳಲಿಲ್ಲ. ಅವನು ಸುತ್ತ ನೋಡಿ, ಕಂಬಕ್ಕೆ ಹೇಳುವವನ ಹಾಗೆ ತಲೆ ತಗ್ಗಿಸಿ, “ಸುತ್ತು ಯಾವಾಗ ಸುರು ಆಗತೈತ್ರೀ?” ಎಂದು ಕೇಳಿದ.

ಮೊದಲು ನಕ್ಕವಳು ಫಾತಿಮಾಬಿ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ ಅವನ ಎತ್ತಿದ ಕೈಗಳನ್ನು ನೋಡಿದಳು. ಅವನು ನಾಚಿಕೆಯಿಂದ ಬೆವರುತ್ತಿದ್ದರೂ ಕೈ ಇಳಿಸಿರಲಿಲ್ಲ. “ಅರೆ ಅಲ್ಲಾ! ನೀಲವ್ವನ ಮಾಲಕ ಬಂದಾರ, ಸುಮ್ನ ಕುಂತೀರಲ್ಲಬೇ!” ಎಂದು ಕೂಗಿದಳು. ಎದ್ದವಳೇ ತನ್ನ ಕಲ್ಲನ್ನು ಕಾಲಿನಿಂದ ಒದ್ದಳು. ಸಾವಿತ್ರಿಬಾಯಿ ಬೆನ್ನು ಹಿಡಿದುಕೊಂಡು ಬಂದು ನಿಂತಳು. ಗಂಡಸಿನ ಅಂಗೈಗೆ ಹೇಗೆ ತಟ್ಟುವುದು ಎಂದು ಗುಸುಗುಸು ಎದ್ದಿತು. ಸಾವಿತ್ರಿಬಾಯಿ ಅವನ ಬಲಗೈಗೆ ಒಂದು ಖಾಲಿ ಕೊಡ ಕೊಟ್ಟು, ತಾನು ಅದರ ತಳಕ್ಕೆ ತಟ್ಟಿದಳು. “ಹಿಂಗ ಹಿಡಿ ಬಾಬಾ, ಬೀಳಸಬ್ಯಾಡ” ಅಂದಳು. ಎಡಗಡೆ ಖಾಲಿಯಿತ್ತು. ನಾನು ಮೂಲೆ ಬಿಟ್ಟು ಓಡಿಹೋಗಿ ಅಲ್ಲಿ ನಿಂತೆ. ತಂಗಿಗೆ ಅಣ್ಣನ ಅಂಗೈ ಏನು ಅಡ್ಡಿ?

ಅಣ್ಣ ಹೇಗೆ ಕುಣಿದ ಎಂದು ಕೇಳುತ್ತೀಯಾ? ಕೆಟ್ಟದಾಗಿ. ಎಲ್ಲರೂ ಬಾಗಿದಾಗ ಎದ್ದ, ಎದ್ದಾಗ ಬಾಗಿದ. ಎರಡು ಸಲ ನನ್ನ ಕಾಲು ತುಳಿದ. “ಇಲ್ಲಿ ನೆಲ ಸಮ ಇಲ್ಲ” ಎಂದು ಗೊಣಗಿದಾಗ ಫಾತಿಮಾಬಿ, “ಕುಣಿಯಾಕ ಬರಲಾರದವ್ರು ನೆಲಾ ಡೊಂಕು ಅಂದ್ರಂತ” ಎಂದಳು, ಇಡೀ ಸುತ್ತು ನಕ್ಕಿತು. ಸ್ಟೇಜಿನ ಹುಡುಗಿಯರು ದೂರ ನಿಂತು ನೋಡಿದರು, ಆಮೇಲೆ ಒಬ್ಬಳು ಬಂದಳು, ಉಳಿದವರು ಬರಲಿಲ್ಲ. ಬರದಿದ್ದರೆ ಬಿಡಲಿ. ಅಷ್ಟರಲ್ಲಿ ನಳ ಬುಸ್ಸೆಂದಿತು. ಎಲ್ಲರೂ ನಿಂತಲ್ಲೇ ನಿಂತೆವು. ನಳದ ಮುಖ ಯಾರ ಕಡೆಗಿತ್ತು ಗೊತ್ತೇನು? ಅಣ್ಣನ ಕಡೆಗೆ. ಬಂದ ಮೊದಲ ದಿನವೇ! ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ನಳವನ್ನು ತಿರುಚಿಬಿಡಬೇಕು ಅನ್ನಿಸಿತು. ಅವನು ಹಿಂದೆ ಸರಿದು, “ಮೊದಲ ನೀವು ತುಂಬ್ಕೊರ್ರಿ” ಎಂದು ಸಾವಿತ್ರಿಬಾಯಿಗೆ ಹೇಳಿದ. ಫಾತಿಮಾಬಿ ಬಿಡಲಿಲ್ಲ. “ಹಂಗೆಲ್ಲಾ ಪಾಳಿ ತಪ್ಪಸೂದಿಲ್ರೀ ಅಣ್ಣಾರ. ನಿಮ್ಮ ಮನಿಯಾಕಿ ಮಾಡಿಟ್ಟ ನೇಮ ಐತಿ. ಮೊದಲ ಕೊಡ ನಿಮ್ದ, ಇಡ್ರಿ” ಅಂದಳು. ಅಣ್ಣ ಕೊಡ ಇಟ್ಟ. ತುಂಬಿ ಹೊರಗೆ ಚೆಲ್ಲಿ ಕಾಲು ತೊಯ್ದರೂ ಎತ್ತಲಿಲ್ಲ. ಅಳುತ್ತಿದ್ದ, ವೈನಿ.

ಮನೆಗೆ ಬರುವಾಗ ಅವನು ಹಿಂದಿನ ಸಂದಿಗೆ ತಿರುಗಲಿಲ್ಲ, ಬಯಲಿನ ನಡುವಿನಿಂದಲೇ ನಡೆದ. “ಆಕಿ ಎಲ್ಲಿ ನಿಂದರತಿದ್ಲು?” ಎಂದು ಕೇಳಿದ. “ಒಮ್ಮೆರ ಬಂದಿದ್ರ ಗೊತ್ತಾಗತಿತ್ತು” ಅಂದೆ. ಇನ್ನಷ್ಟು ಅನ್ನಬೇಕೆಂದಿದ್ದೆ, ಅವನ ಮುಖ ನೋಡಿ ಬಿಟ್ಟೆ. ಮುಂದಿನ ವರ್ಷವೂ ಸೆಕ್ರೆಟರಿ ರಟ್ಟಿನ ನಳ ಹಿಡಿದು ಬರುತ್ತಾರೆ, ಗೊತ್ತು. ಬರಲಿ. ಅರ್ಧ ಸುತ್ತಿಗೆ ನಾನು ಇನ್ನು ನಿಲ್ಲುವುದಿಲ್ಲ, ನಿನ್ನ ಮೇಲಾಣೆ. ಬೇಕಿದ್ದರೆ ಅತಿಥಿಗಳು ಕುರ್ಚಿ ಬಿಟ್ಟು ಬಯಲಿಗೆ ಬರಲಿ, ಅವರ ಕೈಗೂ ಒಂದು ಕೊಡ ಕೊಡುತ್ತೇವೆ. ನಿನ್ನ ಮೇಲಿನ ನನ್ನ ಸಿಟ್ಟೂ ಇಳಿದಿಲ್ಲ, ಇಳಿಯುವುದೂ ಇಲ್ಲ.

ಆ ನೀರಿನಲ್ಲಿ ಅವನೇ ಚಹಾ ಮಾಡಿದ. ಸಕ್ಕರೆ ಹಾಕಲು ಮರೆತಿದ್ದ, ನಾನು ಹೇಳದೆ ಕುಡಿದೆ. ಕಪ್ಪು ಕೆಳಗಿಟ್ಟು, ಬರಿದಾದ ಕೊಡವನ್ನು ಬೋರಲು ಹಾಕುತ್ತ, ನನ್ನ ಕಡೆ ನೋಡದೆಯೇ ಅವನು, “ಗಂಗೂ, ನಾಳೆ ಎಷ್ಟಕ್ಕ ಹೋಗೂಣು?” ಎಂದು ಕೇಳಿದ. ಈ ಒಂದು ಮಾತನ್ನು ನೀನಿದ್ದಾಗ ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು ವೈನಿ?

ನಿನ್ನ
ಗಂಗೂ